ಚಾಕಲೇಟಿನಲ್ಲಿ ಅದ್ದಿದ ನನ್ನ ಮರ್ಯಾದೆ

ಕೆಲವರ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲುತ್ತದೆ, ಕೆಲವರ ಮನೆಯಲ್ಲಿ ಒಗ್ಗರಣೆ ಹೊತ್ತುತ್ತದೆ. ನಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚದಿದ್ದರೂ ಏನಾದರೊಂದು ಆಗಿಯೇ ತೀರುತ್ತದೆ. ಇದು ನನ್ನ ಕೈಗುಣವೋ ಹಣೆಬರಹವೋ ಗೊತ್ತಿಲ್ಲ. ಕೈಗುಣ ಅಂತ ನಮ್ಮ ಯಜಮಾನರ ಅಭಿಪ್ರಾಯ.

ನಾವು ಸ್ಯಾನ್ ಡಿಯಾಗೋದಲ್ಲಿದ್ದ ಕಾಲ, ಎರಡು ಸಾವಿರದ ಮೂರು ನಾಲ್ಕರ ಸುಮಾರು. ಯಜಮಾನರು ಟೆಲಿಕಾಂ ಇಂಜಿನಿಯರು. ನನ್ನ ವೀಸಾದಲ್ಲಿ ನೌಕರಿ ಮಾಡುವಂತಿರಲಿಲ್ಲ. ಹಾಗಾಗಿ ನನಗಿದ್ದದ್ದು ಎರಡೇ ಹುದ್ದೆ: ಒಂದು, ಆರು ವರ್ಷದ ಮಗಳ ತಾಯಿ. ಇನ್ನೊಂದು, ಕನ್ನಡದವರ ಪಾಟ್‌ಲಕ್ಕಿಗೆ ಪೇಪರ್ ಪ್ಲೇಟ್ ತರುವವಳು.

ಪಾಟ್‌ಲಕ್ ಅಂದರೆ ಮನೆಗೊಂದು ಅಡುಗೆ ಮಾಡಿಕೊಂಡು ಬಂದು ಎಲ್ಲರೂ ಹಂಚಿಕೊಂಡು ಉಣ್ಣುವುದು. ಯಾರು ಏನು ತರಬೇಕು ಅನ್ನುವ ಪಟ್ಟಿಯನ್ನು ಬೆಂಗಳೂರಿನ ಕಡೆಯ ಆಂಟಿಯೊಬ್ಬರು ಇ-ಮೇಲಿನಲ್ಲಿ ಕಳಿಸುತ್ತಿದ್ದರು. ಲಾಸ್ ಏಂಜಲೀಸಿನಲ್ಲಿ ಕೂತು ಸ್ಯಾನ್ ಡಿಯಾಗೋದವರೆಗೆ ಆಳುತ್ತಿದ್ದ ಅವರನ್ನು ನಾವು, ಅವರ ಬೆನ್ನ ಹಿಂದೆ, ಪಟ್ಟಿ ಆಂಟಿ ಎನ್ನುತ್ತಿದ್ದೆವು. ಮೊದಲ ವರ್ಷ ನಾನು ಶಂಕರಪೋಳಿ ಮಾಡಿಕೊಂಡು ಹೋಗಿದ್ದೆ. ಅದನ್ನು ಕಡಿದ ಅಂಕಲ್ ಒಬ್ಬರ ಹಲ್ಲಿನ ಫಿಲ್ಲಿಂಗ್ ಹಾರಿಹೋಯಿತು. ಅಂದಿನಿಂದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬೇರೆ ಏನೂ ಬರಲಿಲ್ಲ. ಉಳಿದವರಿಗೆ ಪುಳಿಯೋಗರೆ, ಕೋಸಂಬರಿ, ಕಾಯಿಹೋಳಿಗೆ. ನನಗೆ ಪ್ಲೇಟ್, ನ್ಯಾಪ್ಕಿನ್, ಐಸ್. ಐಸ್ ಕೂಡ ಅಂಗಡಿಯದೇ ಇರಲಿ ಅಂತ ಒಂದು ಸಲ ಬರೆದಿದ್ದರು. ಬಿಜಾಪುರದ ಹುಡುಗಿ ನಾನು, ಇಂಥ ಅವಮಾನ ನುಂಗಿ ಅಭ್ಯಾಸವಿಲ್ಲ. ಒಂದಲ್ಲ ಒಂದು ದಿನ ಆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಿನ್ನುವ ವಸ್ತು ಬರಬೇಕು ಅಂತ ಹಟ ಹಿಡಿದೆ.

ಆಗ ಯಜಮಾನರ ಆಫೀಸಿನ ಪಾರ್ಟಿಯಲ್ಲಿ ಚಾಕಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿ ತಿಂದೆ. ಮಾಡಿದಾಕೆಯನ್ನು ಹೇಗೆ ಮಾಡಿದಿರಿ ಅಂತ ಕೇಳಿದೆ. “ಅಯ್ಯೋ, ಬಹಳ ಸುಲಭ. ಬೇಯಿಸುವ ಹಾಗೇ ಇಲ್ಲ. ಚಾಕಲೇಟು ಕರಗಿಸು, ಹಣ್ಣು ಅದ್ದು, ಫ್ರಿಜ್ಜಿನಲ್ಲಿ ಇಡು,” ಎಂದಳು. ಬೇಯಿಸುವ ಹಾಗಿಲ್ಲ, ಕರಿಯುವ ಹಾಗಿಲ್ಲ, ಲಟ್ಟಿಸುವ ಹಾಗಿಲ್ಲ. ಇದರಲ್ಲಿ ಕೆಡುವುದಕ್ಕೆ ಏನಿದೆ ಅಂದುಕೊಂಡೆ.

೧. ಎಳೆಪಾಕ

ಮೊದಲ ಸಲ ಮಾಡಿದ ದಿನ ಹಣ್ಣನ್ನು ಚೆನ್ನಾಗಿ ತೊಳೆದು, ನೀರು ಸೋರುತ್ತಿರುವಾಗಲೇ ಕರಗಿದ ಚಾಕಲೇಟಿನಲ್ಲಿ ಅದ್ದಿದೆ. ನಾಲ್ಕನೆಯ ಹಣ್ಣಿಗೆ ಚಾಕಲೇಟು ಗಟ್ಟಿಯಾಗತೊಡಗಿತು. ನನಗೆ ಗಾಬರಿಯಾಗಲಿಲ್ಲ. ಉಂಡಿಯ ಪಾಕ ಬಿರುಸಾದರೆ ಏನು ಮಾಡಬೇಕು ಅಂತ ನಮ್ಮ ಕಡೆ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಒಂದು ಚಮಚ ನೀರು ಹಾಕಿದೆ.

ಚಾಕಲೇಟು ಇನ್ನೂ ಗಟ್ಟಿಯಾಯಿತು. ಇನ್ನೊಂದು ಚಮಚ ಹಾಕಿದೆ. ಅದು ಉಸುಕಿನ ಹಾಗೆ ಕಾಳುಕಾಳಾಯಿತು. ಆದರೂ ನಂಬಿಕೆ ಬಿಡದೆ ಬೆರಳುಗಳ ನಡುವೆ ಹಿಡಿದು ಎಳೆ ಬರುತ್ತದೆಯೋ ನೋಡಿದೆ. ಒಂದೆಳೆ ಪಾಕ ಇಲ್ಲ, ಎರಡೆಳೆ ಇಲ್ಲ, ಬೆರಳೇ ಬಿಡಿಸಿಕೊಳ್ಳಲು ಬರುತ್ತಿಲ್ಲ. ಅಷ್ಟು ಹೊತ್ತಿಗೆ ಯಜಮಾನರು ಆಫೀಸಿನಿಂದ ಬಂದರು.

“ಏನ ಇದು? ಸಿಮೆಂಟ್ ಯಾಕ ಕಲಸೀ? ಗ್ವಾಡಿಗೆ ಏನರೆ ತೂತು ಬಿದ್ದಾವೇನು?” ಎಂದರು.

“ಚಾಕಲೇಟ್ ರೀ.”

“ಹೌದಾ? ಮತ್ತ ಚಮಚ ಯಾಕ ನೆಟ್ಟಗ ನಿಂತದ?”

ಚಮಚವನ್ನು ಕೀಳಲು ಇಬ್ಬರೂ ಬೇಕಾಯಿತು. ಅದರ ಜೊತೆಗೆ ಬಂದ ಗಡ್ಡೆಯನ್ನು ಕಸಕ್ಕೆ ಹಾಕಲು ಹೊರಟಿದ್ದೆ. ಮಗಳು “ಕ್ಯಾನ್ ಐ ಹ್ಯಾವ್ ಇಟ್?” ಎಂದು ಇಸಿದುಕೊಂಡಳು. ತಿನ್ನುತ್ತಾಳೇನೋ ಅಂತ ನನಗೆ ಒಳಗೊಳಗೇ ಖುಷಿಯಾಯಿತು. ಮರುದಿನ ಅವಳ ಶಾಲೆಯಲ್ಲಿ ಮಕ್ಕಳು ಸಂಗ್ರಹಿಸಿದ ಕಲ್ಲುಗಳ ಪ್ರದರ್ಶನವಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಟೀಚರು ಅದನ್ನು ಜ್ವಾಲಾಮುಖಿ ಕಲ್ಲುಗಳ ಸಾಲಿನಲ್ಲಿ ಇಟ್ಟರಂತೆ.

೨. ಜ್ವರ ಬಂದ ಚಾಕಲೇಟು

ನನ್ನ ಸೋಲು ನೋಡಿ ಯಜಮಾನರೊಳಗಿನ ಇಂಜಿನಿಯರು ಎದ್ದು ನಿಂತ. “ಇದು ಅಡಿಗಿ ಅಲ್ಲ, ಪ್ರೊಸೆಸ್ಸು,” ಎಂದರು. ಒಂದು ಶನಿವಾರ ಇಂಟರ್ನೆಟ್ಟಿನಿಂದ ಹದಿನೈದು ಪುಟ ಪ್ರಿಂಟ್ ತೆಗೆದು ಅಡುಗೆಮನೆಗೆ ಅಂಟಿಸಿದರು. ಚಾಕಲೇಟಿನ ಉಷ್ಣಾಂಶ ಇಷ್ಟೇ ಇರಬೇಕು, ಒಂದು ಡಿಗ್ರಿ ಹೆಚ್ಚೂ ಆಗಬಾರದು ಕಡಿಮೆಯೂ ಆಗಬಾರದು ಅಂತ ಅದರಲ್ಲಿತ್ತು. ಮನೆಯಲ್ಲಿದ್ದದ್ದು ಒಂದೇ ಥರ್ಮಾಮೀಟರು, ಮಗಳಿಗೆ ಜ್ವರ ಬಂದಾಗ ಬಾಯಿಗೆ ಇಡುವುದು. ಅದನ್ನೇ ಚಾಕಲೇಟಿನ ಪಾತ್ರೆಗೆ ಇಟ್ಟರು.

ಥರ್ಮಾಮೀಟರು ಕುಂಯ್‌ಕುಂಯ್ ಅಂತ ಕೂಗಿ, ತನ್ನ ಲೆಕ್ಕಕ್ಕೆ ಮೀರಿದೆ ಅಂತ ಕೈಚೆಲ್ಲಿತು. ಮಗಳು ಬಗ್ಗಿ ನೋಡಿ, “ಈಸ್ ಇಟ್ ಸಿಕ್, ಡ್ಯಾಡಿ?” ಎಂದಳು. ಯಜಮಾನರು ಪಾತ್ರೆಗೆ ಗಾಳಿ ಹಾಕುತ್ತಾ ಕೂತರು. ಹತ್ತು ನಿಮಿಷಕ್ಕೊಮ್ಮೆ ನೋಡುವುದು, ಬರೆದಿಡುವುದು. ಕಡೆಗೆ ತೊಂಬತ್ತೆಂಟು ಪಾಯಿಂಟ್ ಆರು ತೋರಿಸಿದಾಗ ಅವರ ಮುಖದಲ್ಲಿ ನೆಮ್ಮದಿ ಕಂಡಿತು. “ಹಾಂ, ಈಗ ನಾರ್ಮಲ್ ಆತು,” ಎಂದರು.

ಅದ್ದಿದ ಹಣ್ಣು ತಟ್ಟೆಯಲ್ಲಿಟ್ಟರೆ ಒಂದು ಕಡೆ ಚಪ್ಪಟೆಯಾಗುತ್ತದೆ ಅನ್ನುವುದು ಅವರ ಮುಂದಿನ ಆಕ್ಷೇಪಣೆ. ಅದಕ್ಕೂ ಉಪಾಯ ಹುಡುಕಿದರು. ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಹಾಲಿಗೆ ತಂದು, ಕೆಳಗೆ ಪೇಪರು ಹಾಸಿ, ಒಂದೊಂದು ಸ್ಟ್ರಾಬೆರಿಯನ್ನೂ ಅದರ ಎಲೆ ಹಿಡಿದು ಕ್ಲಿಪ್ಪಿನಿಂದ ತೂಗುಹಾಕಿದರು. ನಲವತ್ತು ಹಣ್ಣು ಸಾಲಾಗಿ ನೇತಾಡುವುದನ್ನು ದೂರ ನಿಂತು ನೋಡಿ, ಎದೆ ಮೇಲೆ ಕೈಕಟ್ಟಿಕೊಂಡರು. “ಹೆಂಗದ?” ಎಂದರು. ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಐದು ನಿಮಿಷದಲ್ಲಿ ಮೊದಲನೆಯದು ಬಿತ್ತು. ಎಲೆ ಕ್ಲಿಪ್ಪಿನಲ್ಲೇ ಉಳಿದು ಹಣ್ಣು ಮಾತ್ರ ಟಪ್ ಅಂತ ಕೆಳಗೆ ಬಂತು. ಆಮೇಲೆ ಎರಡನೆಯದು. ಆಮೇಲೆ ತಡವಿಲ್ಲ, ಟಪ್ ಟಪ್ ಟಪ್. ಹೀಗೆ ಬಿದ್ದವನ್ನು ಎತ್ತಿಕೊಂಡು ತಿಂದವಳು ಮಗಳೊಬ್ಬಳೇ. ಆ ವಾರವೆಲ್ಲ ಅವಳು ದಿನಕ್ಕೆ ನಾಲ್ಕು ಸಲ ತನಗೆ ಜ್ವರ ಬಂದಿದೆ, ಥರ್ಮಾಮೀಟರು ಬಾಯಿಗೆ ಇಡು ಅಂತ ನನ್ನನ್ನು ಕಾಡಿದಳು. ಎಷ್ಟು ತೊಳೆದರೂ ಅದಕ್ಕೆ ರುಚಿ ಉಳಿದಿತ್ತಂತೆ.

ಯಜಮಾನರು ಅಷ್ಟಕ್ಕೇ ಬಿಡುವವರಲ್ಲ. ಸೋಮವಾರ ನನಗೆ ಇ-ಮೇಲಿನಲ್ಲಿ ಎರಡು ಪುಟದ ವರದಿ ಬಂತು. ಉದ್ದೇಶ, ವಿಧಾನ, ಕಂಡುಬಂದ ದೋಷಗಳು, ದೋಷಕ್ಕೆ ಕಾರಣ: ಎಲೆಯ ಗುಣಮಟ್ಟ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಶಿಫಾರಸು: ಅಂಗಡಿಯಲ್ಲಿ ಕೊಳ್ಳುವುದು.

೩. ಏಕಾದಶಿ ಬೇಗ ಬರಲಿ

ಅಷ್ಟರಲ್ಲಿ ಬಾಗಲಕೋಟೆಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದರು. ಅವರು ಮಡಿ, ಮೈಲಿಗೆ, ಮುಸುರೆ ಎಲ್ಲ ಬಿಗಿಯಾಗಿ ನಡೆಸುವವರು. ವಿಮಾನದಲ್ಲಿ ಇಪ್ಪತ್ತೆರಡು ಗಂಟೆ ಬರೀ ಒಣದ್ರಾಕ್ಷಿ ತಿಂದು ಬಂದಿದ್ದರು. ಫ್ರಿಜ್ಜಿನಲ್ಲಿ ಅನ್ನದ ಪಾತ್ರೆ ಎಲ್ಲಿರಬೇಕು, ಹಾಲು ಎಲ್ಲಿರಬೇಕು ಅಂತ ಬಂದ ಮರುದಿನವೇ ಹೊಸ ಸಂವಿಧಾನ ಜಾರಿಗೆ ಬಂತು.

ಮೂರನೆಯ ದಿನ ಏಕಾದಶಿ. ಅವರು ವಯಸ್ಸಾದ ಮೇಲೆ ನಿರಾಹಾರ ಬಿಟ್ಟು ಹಾಲು ಹಣ್ಣಿಗೆ ಬಂದಿದ್ದರು. ನಾನು ಅಂದು ಚಾಕಲೇಟು ಕರಗಿಸಿಕೊಂಡು ಕೂತಿದ್ದೆ, ಇದು ಐದನೆಯ ಪ್ರಯತ್ನ. ಅತ್ತೆ ದೂರದಲ್ಲೇ ನಿಂತು ವಿಚಾರಣೆ ಶುರುಮಾಡಿದರು.

“ಏನವಾ ಅದು? ಬೇಯಿಸಿದ್ದೇನು?”

“ಇಲ್ಲ ಅತ್ತೀ, ಬೇಯಿಸೂದs ಇಲ್ಲ.”

“ಒಲಿ ಮ್ಯಾಲೆ ಇಟ್ಟಿದ್ದೇನು?”

“ಇಲ್ಲ. ಮೈಕ್ರೋವೇವ್‌ನಾಗ ಬರೇ ಬಿಸಿ ಮಾಡೀನಿ. ಅದರಾಗ ಬೆಂಕಿನೂ ಇಲ್ಲ.”

“ನೀರು ಮುಟ್ಟೇದೇನು?”

“ನೀರು ಮುಟ್ಟಿದ್ರ ಕೆಟ್ಟು ಹೋಗ್ತದ.”

ಅತ್ತೆಯ ಕಣ್ಣು ಅರಳಿತು. ಹತ್ತಿರ ಬಂದರು. “ಅಕ್ಕಿ? ಗೋಧಿ? ಉಪ್ಪು?”

“ಯಾವುದೂ ಇಲ್ಲ.”

“ಮತ್ತ ಈ ಚಾಕಲೇಟು ಅನ್ನೂದು ಮೂಲದಾಗ ಏನು?”

“ಗಿಡದಾಗ ಹಣ್ಣು ಬಿಡತದ್ರಿ. ಆ ಹಣ್ಣಿನೊಳಗಿನ ಬೀಜ.”

ಅತ್ತೆ ತೀರ್ಪು ಕೊಟ್ಟರು. “ಹಣ್ಣಿಗೆ ಹಣ್ಣು ಹಚ್ಚೀರಿ. ಫಲಾಹಾರ. ನಡೀತದ.”

ಆದರೂ ಖಾತ್ರಿಗೆ ಇರಲಿ ಅಂತ ಮೊಮ್ಮಗಳ ಕೈಗೆ ಪ್ಯಾಕೆಟ್ಟು ಕೊಟ್ಟು ಏನೇನು ಹಾಕಿದ್ದಾರೆ ಓದಲು ಹೇಳಿದರು. ಅವಳು “ಶುಗರ್, ಕೋಕೋ ಬಟರ್, ಮಿಲ್ಕ್, ಸೋಯ್...” ಎನ್ನುವಷ್ಟರಲ್ಲಿ ಯಜಮಾನರು ಹಾರಿಬಂದು ಪ್ಯಾಕೆಟ್ಟು ಕಸಿದುಕೊಂಡರು. ಸೋಯಾ ಕಾಳು ಅಂತ ತಿಳಿದರೆ ಏಕಾದಶಿಗೆ ಕಾಳು ನಡೆಯುವುದಿಲ್ಲ. ತಾಯಿ ತಿನ್ನದಿದ್ದರೆ ಅವರ ಎದುರಿಗೆ ತಾವೂ ತಿನ್ನುವ ಹಾಗಿಲ್ಲ ಅನ್ನುವುದು ಅವರ ಚಿಂತೆ.

ಆದರೆ ನನ್ನ ಕೈಯ ರೋಗ ಏನೆಂದು ಪತ್ತೆಹಚ್ಚಿದವರೂ ಅತ್ತೆಯೇ. ಚಾಕಲೇಟಿಗೆ ನೀರು ಹಾಕುವುದನ್ನು ಬಿಟ್ಟಿದ್ದರೂ, ತೊಳೆದ ಹಣ್ಣನ್ನು ನಾನು ಸುಮ್ಮನೆ ಕೊಡವಿ ಅದ್ದುವುದನ್ನು ನೋಡಿ ಹಣೆ ಚಚ್ಚಿಕೊಂಡರು. “ಅಯ್ಯ, ನೀ ಇದನ್ನ ಉಂಡಿ ಅಂತ ತಿಳಕೊಂಡೀ ಏನು? ಪಾಕ ತಗೀಲಿಕ್ಕೆ ನಿಂತೀ. ಇದು ಉಪ್ಪಿನಕಾಯಿ ಜಾತಿದು. ಒಂದು ಹನಿ ನೀರು ಇದ್ದರೂ ಕೆಡತದ. ಸರೀ ಅತ್ತಾಗ.” ತಮ್ಮ ಹಳೆಯ ಹತ್ತಿ ಸೀರೆಯ ತುಂಡು ತಂದರು. ಉಪ್ಪಿನಕಾಯಿಗೆ ಮಾವಿನಕಾಯಿ ಒರೆಸುವ ಹಾಗೆ ಒಂದೊಂದು ಸ್ಟ್ರಾಬೆರಿಯನ್ನೂ ತಿರುಗಿಸಿ ತಿರುಗಿಸಿ ಒರೆಸಿ, ಬಟ್ಟೆಯ ಮೇಲೆ ಹರವಿ, ಗಂಟೆಗಟ್ಟಲೆ ಆರಲು ಬಿಟ್ಟರು. ಪಾತ್ರೆ, ಚಮಚ, ನನ್ನ ಕೈ, ನನ್ನ ಬಳೆ ಎಲ್ಲ ಒರೆಸಿದರು. ಆಮೇಲೆ ಅದ್ದಿದೆವು. ಚಾಕಲೇಟು ಕನ್ನಡಿಯ ಹಾಗೆ ಹೊಳೆಯುತ್ತಾ ಹಣ್ಣಿಗೆ ಕೂತಿತು. ಹದಿನೈದು ಪುಟದ ಪ್ರಿಂಟಿನಲ್ಲಿ ಸಿಗದ ಗುಟ್ಟು ಬಾಗಲಕೋಟೆಯ ಭರಣಿಯಲ್ಲಿತ್ತು. ನನಗೆ ಅಳುವೇ ಬಂತು.

ಮುಂದೆ ಅತ್ತೆ ದಿನಾ ಬೆಳಗ್ಗೆ ಪಂಚಾಂಗ ನೋಡತೊಡಗಿದರು. “ಈ ದೇಶದಾಗ ಏಕಾದಶಿ ಇಷ್ಟು ತಡಾ ಯಾಕ ಬರ್ತದ?” ಎಂದು ಮಗನನ್ನು ಕೇಳಿದರು. ಆಮೇಲೆ ಶನಿವಾರದ ಉಪವಾಸ ಸೇರಿತು. ಆಮೇಲೆ ಸಂಕಷ್ಟಿ. ಆಮೇಲೆ ಯಾವುದೋ ಹಳೆಯ ಹರಕೆ ನೆನಪಾಗಿ ಸೋಮವಾರ. ಉಪವಾಸ ಮಾಡಿ ಮಾಡಿ ರವಿಕೆ ಬಿಗಿಯಾದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

೪. ಟ್ರಯಲ್

ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋದ ಕನ್ನಡದವರೆಲ್ಲ ಸೇರಿ ನಮ್ಮಿಂದ ಎರಡು ಗಂಟೆ ದಾರಿಯ, ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯ ಪಾರ್ಕೊಂದರಲ್ಲಿ ದಸರಾ ಪಿಕ್ನಿಕ್ ಅಂತ ಆಯಿತು. ಪಟ್ಟಿ ಬರುವ ಮೊದಲೇ ನಾನು ಧೈರ್ಯ ಮಾಡಿ ಪಟ್ಟಿ ಆಂಟಿಗೆ ಫೋನ್ ಮಾಡಿದೆ.

“ಆಂಟಿ, ಈ ಸಲ ನಾನು ಸ್ವೀಟ್ ತರ್ತೀನಿ.”

“ಅಂಗಡಿಯಿಂದಾನಾ?”

“ಇಲ್ಲ, ಮನೇಲಿ ಮಾಡಿ.”

“ಅಲ್ಲಮ್ಮ, ನೀವು ಪ್ಲೇಟ್ಸ್ ಎಷ್ಟು ಚೆನ್ನಾಗಿ ತರ್ತೀರಾ! ಇವತ್ತಿನವರೆಗೂ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ.”

ನಾನು ಬಿಡಲಿಲ್ಲ. ಬೇಯಿಸುವುದಿಲ್ಲ, ಕರಿಯುವುದಿಲ್ಲ, ಮೆತ್ತಗಿರುತ್ತದೆ, ಯಾರ ಹಲ್ಲಿಗೂ ಅಪಾಯವಿಲ್ಲ ಅಂತ ಒಂದೊಂದಾಗಿ ಹೇಳಿದೆ. ಕಡೆಗೆ ಅವರು ಉಸಿರು ಬಿಟ್ಟು, “ಸರಿ, ತನ್ನಿ. ಟ್ರಯಲ್ ಅಂತ ಇಟ್ಕೊಳ್ಳೋಣ. ಇದು ಚೆನ್ನಾಗಿ ಬಂದ್ರೆ ಇನ್ಮೇಲೆ ನಿಮಗೆ ಸ್ವೀಟೇ ಹಾಕ್ತೀನಿ. ಚೆನ್ನಾಗಿ ಬರ್ಲಿಲ್ಲ ಅಂದ್ರೆ ಪುನಃ ಕೇಳ್ಬಾರ್ದು,” ಎಂದರು. ಒಪ್ಪಿಕೊಂಡೆ. ಫೋನ್ ಇಡುವ ಮುನ್ನ ಅವರು ದನಿ ತಗ್ಗಿಸಿ ಹೇಳಿದರು, “ಯಾವುದಕ್ಕೂ ಇರ್ಲಿ, ನಾನೂ ಒಂದು ಡಬ್ಬ ಮೈಸೂರ್‌ಪಾಕ್ ತಂದಿರ್ತೀನಿ. ನೀವು ಬೇಜಾರು ಮಾಡ್ಕೋಬೇಡಿ.”

೫. ಸ್ವೆಟರು ಹಾಕಿಕೊಂಡ ಸವಾರಿ

ಪಿಕ್ನಿಕ್ಕಿನ ದಿನ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದಿತ್ತು. ಬೆಳಗ್ಗೆ ಒಂಬತ್ತಕ್ಕೇ ಕೆಂಡದಂಥ ಬಿಸಿಲು. ನಮ್ಮ ಬಳಿ ನೂರೈವತ್ತು ಸ್ಟ್ರಾಬೆರಿ ನಾಲ್ಕು ದೊಡ್ಡ ತಟ್ಟೆಗಳಲ್ಲಿ ಕೂತಿದ್ದವು. ಐಸ್ ಪೆಟ್ಟಿಗೆಯಲ್ಲಿ ಇಡೋಣ ಎಂದೆ. “ಐಸ್ ಅಂದ್ರ ನೀರು,” ಎಂದು ಅತ್ತೆ ಪೆಟ್ಟಿಗೆಯನ್ನು ಕಾರಿನ ಹತ್ತಿರಕ್ಕೂ ಬಿಡಲಿಲ್ಲ. ಉಳಿದದ್ದು ಒಂದೇ ದಾರಿ. ಕಾರಿನ ಏಸಿಯನ್ನು ಕೊನೆಯ ಗೆರೆಗೆ ತಿರುಗಿಸಿ, ಕಾರನ್ನೇ ಫ್ರಿಜ್ಜು ಮಾಡಿ, ನಾವು ಅದರೊಳಗೆ ಕೂರುವುದು.

ಯಜಮಾನರು ಜಾಕೆಟ್ಟು ಹಾಕಿಕೊಂಡು ಡ್ರೈವ್ ಮಾಡಿದರು. ನಾನು ಎರಡು ಸ್ವೆಟರು ತೊಟ್ಟೆ. ಮಗಳು ಹೊದಿಕೆಯೊಳಗೆ ಸೇರಿಕೊಂಡಳು. ಅತ್ತೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಮಂಕಿ ಟೋಪಿ ಹಾಕಿಕೊಂಡು ತೊಡೆಯ ಮೇಲೆ ಒಂದು ತಟ್ಟೆ ಹಿಡಿದು ಕೂತರು. ಎಡಗಡೆ ಸಮುದ್ರದಲ್ಲಿ ಜನ ಅರ್ಧಬೆತ್ತಲೆಯಾಗಿ ಈಜುತ್ತಿದ್ದರೆ, ನಮ್ಮ ಹಲ್ಲು ಕಟಕಟ ಎನ್ನುತ್ತಿದ್ದವು.

ಮೆಕ್ಸಿಕೋ ಗಡಿ ಹತ್ತಿರವಿರುವುದರಿಂದ ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಇರುತ್ತದೆ. ಸಾಮಾನ್ಯವಾಗಿ ಮುಖ ನೋಡಿ ಹೋಗು ಎನ್ನುತ್ತಾರೆ. ಅಂದು ಅಧಿಕಾರಿ ನಮ್ಮ ಮುಖ ನೋಡಿ ಕಾರು ನಿಲ್ಲಿಸಿದ. ಪಾಪ, ಅವನದೇನೂ ತಪ್ಪಿಲ್ಲ. ಬೆವರು ಒರೆಸಿಕೊಳ್ಳುತ್ತಾ ನಿಂತವನಿಗೆ ಕಿಟಕಿ ಇಳಿಸಿದ ಕೂಡಲೇ ಒಳಗಿನಿಂದ ಮಂಜಿನಂಥ ಗಾಳಿ ಬಡಿದು, ಮಂಕಿ ಟೋಪಿಯೊಂದು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ.

ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ. ಪಿಕ್ನಿಕ್ಕಿಗೆ ಅಂತ ಯಜಮಾನರು ನಡುಗುತ್ತಾ ಹೇಳಿದರು. ಯಾಕೆ ನಡುಗುತ್ತಿದ್ದೀರಿ ಎಂದ. ಚಳಿ ಎಂದರು. ಮತ್ತೆ ಏಸಿ ಯಾಕೆ ಬಂದ್ ಮಾಡಬಾರದು ಎಂದ. ಹಣ್ಣಿಗೆ ಸೆಕೆಯಾಗುತ್ತದೆ ಎಂದರು.

ಅವನು ಹಿಂದಿನ ಸೀಟಿಗೆ ಬಗ್ಗಿ ನೋಡಿದ. ಅತ್ತೆ ತಟ್ಟೆಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೇಬಿಟ್ಟರು. “ತಗೋಪಾ, ಬಿಸಲಾಗ ನಿಂತೀ.” ಅವನು ಕೈಯಾಡಿಸಿ ಬೇಡ ಎಂದ. ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲವಂತೆ. ಅತ್ತೆ ಕೇಳುವವರೇ? “ಒಂದರೆ ತಗೋಳಿಕ್ಕೇ ಬೇಕು ಅಂತ ಹೇಳ ಅವಗ,” ಎಂದು ಮೊಮ್ಮಗಳಿಗೆ ಅಪ್ಪಣೆ ಮಾಡಿದರು. ಅವಳು ಹೊದಿಕೆಯಿಂದ ತಲೆ ಹೊರಹಾಕಿ, “ಯೂ ಹ್ಯಾವ್ ಟು ಟೇಕ್ ಒನ್. ಶೀ ವೋಂಟ್ ಲೆಟ್ ಯೂ ಗೋ,” ಎಂದಳು.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ಹೋಗಿ ಹೋಗಿ ಅಂತ ಎರಡೂ ಕೈ ಬೀಸಿದ. ಕಾರು ಮುಂದೆ ಹೋದ ಮೇಲೆ ಅತ್ತೆ ಬೇಜಾರಿನಿಂದ ಹೇಳಿದರು, “ಮನೀಗೆ ಬಂದಾವಗ ಬರಿಗೈಲೆ ಕಳಸಿಧಂಗಾತು.”

“ಅವ್ವಾ, ಬಂದವರು ನಾವು,” ಎಂದರು ಯಜಮಾನರು.

೬. ಮಂಗಳಾರತಿ

ಪಾರ್ಕಿಗೆ ತಲುಪಿದಾಗ ನೂರೈವತ್ತಕ್ಕೆ ನೂರೈವತ್ತೂ ಹಣ್ಣು ಗಟ್ಟಿಯಾಗಿ ಹೊಳೆಯುತ್ತಿದ್ದವು. ಪಟ್ಟಿ ಆಂಟಿ ಮುಚ್ಚಳ ಎತ್ತಿ ನೋಡಿ ಹುಬ್ಬೇರಿಸಿದರು. “ನೋಡೋಕೇನೋ ಚೆನ್ನಾಗಿದೆ,” ಎಂದರು, ನೋಡೋಕೆ ಅನ್ನುವುದನ್ನು ಒತ್ತಿ. ಬೇಗ ಬಡಿಸಿಬಿಡೋಣ ಎಂದೆ. ಅವರು ತಲೆಯಾಡಿಸಿದರು. “ಮೊದಲು ಪೂಜೆ, ನೈವೇದ್ಯ. ಆಮೇಲೇ ಊಟ.”

ಒಂದು ಮೇಜಿನ ಮೇಲೆ ದೇವಿಯ ಫೋಟೋ, ಹೂವು, ದೀಪ. ಅದರ ಮುಂದೆ ಎಲ್ಲರ ಮನೆಯ ತಿಂಡಿಯನ್ನೂ ಜೋಡಿಸಿದರು. ನೈವೇದ್ಯಕ್ಕೆ ಇಟ್ಟದ್ದನ್ನು ಮುಚ್ಚುವ ಹಾಗಿಲ್ಲ, ಆರತಿ ಆಗುವವರೆಗೆ ತೆಗೆಯುವ ಹಾಗಿಲ್ಲ. ಮರದ ನೆರಳು ಮೇಜಿನ ಅರ್ಧಕ್ಕೆ ನಿಂತಿತ್ತು. ಪುಳಿಯೋಗರೆ ನೆರಳಲ್ಲಿ ಕೂತಿತ್ತು. ನನ್ನ ನಾಲ್ಕು ತಟ್ಟೆ ಸರಿಯಾಗಿ ಬಿಸಿಲಲ್ಲಿ ಕೂತವು.

ಮೊದಲು ಒಬ್ಬರು ಶ್ಲೋಕ ಹೇಳಿದರು. ಆಮೇಲೆ ಇನ್ನೊಬ್ಬರು ನಮ್ಮ ಮಂಗಳೂರು ಕಡೆಯದೊಂದು ಅಂತ ಹಾಡಿದರು. ಚಾಕಲೇಟಿನ ಹೊಳಪು ಸ್ವಲ್ಪ ಹೆಚ್ಚಾದ ಹಾಗೆ ಕಂಡಿತು. ಆಗ ಪಟ್ಟಿ ಆಂಟಿ ನಮ್ಮ ಅತ್ತೆಯ ಕೈಗೆ ಆರತಿ ತಟ್ಟೆ ಕೊಟ್ಟು, “ಹಿರಿಯರು ನೀವಿದ್ದೀರಾ, ಮಂಗಳಾರತಿ ಹಾಡು ನೀವೇ ಹೇಳ್ಬಿಡಿ,” ಎಂದರು.

ಮುಗಿಯಿತು ಅಂದುಕೊಂಡೆ. ನಮ್ಮ ಅತ್ತೆಯ ದೇವಿಯ ಹಾಡಿಗೆ ಹದಿನೆಂಟು ನುಡಿ. ಒಂದೊಂದು ನುಡಿಯ ಕೊನೆಗೂ ಪಲ್ಲವಿ, ಪಲ್ಲವಿ ಎರಡು ಸಲ. ನಲವತ್ತು ವರ್ಷದಲ್ಲಿ ಅವರು ಒಂದು ನುಡಿ ಬಿಟ್ಟವರಲ್ಲ. ಒಮ್ಮೆ ಊರಿನಲ್ಲಿ ಹಾಡು ನಡೆದಾಗ ಬೀಗರ ಬಸ್ಸು ಹೊರಟುಹೋಯಿತು. ಬೀಗರನ್ನು ಮರುದಿನದ ಬಸ್ಸಿಗೆ ಕಳಿಸಿದರೇ ಹೊರತು ನುಡಿ ಬಿಡಲಿಲ್ಲ. ನಡುವೆ ಬಿಟ್ಟರೆ ದೇವರ ಆಭರಣ ಅರ್ಧಕ್ಕೆ ಕಳಚಿದ ಹಾಗೆ ಅಂತ ಅವರ ನಂಬಿಕೆ. ಅವರಿಗೆ ಬೇಗ ಮುಗಿಸಿ ಅಂತ ಹೇಳುವ ಸೊಸೆ ಇನ್ನೂ ಹುಟ್ಟಿಲ್ಲ, ನಾನಂತೂ ಅಲ್ಲ.

ಅತ್ತೆ ಕಣ್ಣು ಮುಚ್ಚಿ ವಿಲಂಬದಲ್ಲಿ ಶುರುಮಾಡಿದರು. ಮೊದಲ ನುಡಿ ಮುಗಿಯುವಾಗ ಮೇಲಿನ ಸಾಲಿನ ಹಣ್ಣುಗಳ ತುದಿ ಮೆತ್ತಗಾಯಿತು. ಎರಡನೆಯ ನುಡಿಗೆ ಒಂದು ಹಣ್ಣಿನ ಚಾಕಲೇಟು ಮೆಲ್ಲಗೆ ಸೊಂಟದವರೆಗೆ ಜಾರಿತು. ಪಟ್ಟಿ ಆಂಟಿ ಅದನ್ನು ನೋಡಿದರು. ನೋಡಿ ನನ್ನನ್ನು ನೋಡಿದರು. ಆಮೇಲೆ ತಮ್ಮ ಮೈಸೂರ್‌ಪಾಕಿನ ಡಬ್ಬವನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ಸರಿಸಿಕೊಂಡರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮೂರು ವರ್ಷದ ಹಟ, ಕಿತ್ತು ತೆಗೆದ ಚಮಚ, ಚಳಿಯಲ್ಲಿ ನಡುಗಿದ ದಾರಿ, ಎಲ್ಲ ನನ್ನ ಕಣ್ಣೆದುರೇ ತಟ್ಟೆಯಲ್ಲಿ ಇಳಿದುಹೋಗುತ್ತಿತ್ತು. ಇನ್ನೂ ಹದಿನಾರು ನುಡಿ ಇದ್ದವು.

ಮೂರನೆಯ ನುಡಿಯ ನಡುವೆ ಮಗಳಿಗೆ ತಡೆಯಲಾಗಲಿಲ್ಲ. “ಅಜ್ಜೀ, ಇಟ್ಸ್ ಮೆಲ್ಟಿಂಗ್!” ಎಂದು ಕೂಗಿಬಿಟ್ಟಳು.

ಅತ್ತೆ ಕಣ್ಣು ತೆರೆದರು. ದೇವಿಯನ್ನು ನೋಡಿದರು. ತಟ್ಟೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಆದದ್ದನ್ನು ಬಾಗಲಕೋಟೆಯವರು ಯಾರೂ ನಂಬುವುದಿಲ್ಲ. ಹಾಡು ಒಮ್ಮೆಲೇ ನಾಗಾಲೋಟಕ್ಕೆ ಬಿತ್ತು. ಮೂರನೆಯ ನುಡಿ ಮುಗಿಯಿತೋ ಇಲ್ಲವೋ, ಅತ್ತೆ ನೇರವಾಗಿ ಹದಿನೆಂಟನೆಯ ನುಡಿಗೆ ಹಾರಿದರು. ಪಲ್ಲವಿ ಒಂದೇ ಸಲ. ಆರತಿ ತಟ್ಟೆ ಗಿರಗಿರ ಮೂರು ಸುತ್ತು ಸುತ್ತಿತು. ತಾಳ ಹಾಕುತ್ತಿದ್ದವರ ಕೈ ಇನ್ನೂ ಗಾಳಿಯಲ್ಲೇ ಇರುವಾಗ ಅವರು ತಟ್ಟೆ ಕೆಳಗಿಟ್ಟು ಗಟ್ಟಿಯಾಗಿ ಸಾರಿದರು. “ಆತು! ನೈವೇದ್ಯ ಆತು! ಆರತಿ ಆಮ್ಯಾಲೆ ತಗೋರಿ, ಮೊದಲ ಇದನ್ನ ತಗೋರಿ. ದೇವಿ ಪ್ರಸಾದ, ಒಲ್ಲೆ ಅನಬಾರದು!”

ಪ್ರಸಾದ ಅಂದ ಮೇಲೆ ಒಲ್ಲೆ ಅನ್ನುವವರು ಯಾರು? ಜನ ಮುಗಿಬಿದ್ದರು. ಅತ್ತೆ ಒಂದು ತಟ್ಟೆ ಹಿಡಿದು ಈ ಕಡೆ, ನಾನು ಒಂದು ಹಿಡಿದು ಆ ಕಡೆ, ಯಜಮಾನರು ಎರಡು ಹಿಡಿದು ಜಾಕೆಟ್ಟಿನಲ್ಲೇ ಓಡಾಡಿದರು. ಹತ್ತು ನಿಮಿಷದಲ್ಲಿ ನೂರೈವತ್ತೂ ಖಾಲಿ. ಫಿಲ್ಲಿಂಗ್ ಕಳೆದುಕೊಂಡಿದ್ದ ಅಂಕಲ್ ಮೂರು ತಿಂದರು. ಪಟ್ಟಿ ಆಂಟಿ ಗಲ್ಲದ ಮೇಲೆ ಚಾಕಲೇಟು ಹಚ್ಚಿಕೊಂಡು ನನ್ನ ಹತ್ತಿರ ಬಂದರು. “ಪಾಸು ಕಣಮ್ಮ,” ಎಂದರು. “ದೀಪಾವಳಿಗೂ ಇದನ್ನೇ ತನ್ನಿ. ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಎಷ್ಟು ಚಿಕ್ಕದಾಗಿ ಚೊಕ್ಕವಾಗಿ ಹಾಡ್ತಾರೆ!”

ಅತ್ತೆ ಅದನ್ನು ಕೇಳಿಸಿಕೊಂಡರು. ಅವರ ಮುಖ ಕಿರಿದಾಯಿತು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಹಿಂದೆ ತಿರುಗಿ ಅವರ ಕೈ ಹಿಡಿದುಕೊಂಡೆ. “ಅತ್ತೀ, ನನ್ನ ಸಲುವಾಗಿ ಹದಿನಾಲ್ಕು ನುಡಿ ಬಿಟ್ಟಿರಿ. ದೇವಿ ಸಿಟ್ಟಾಗಂಗಿಲ್ಲೇನ್ರಿ?”

“ಯಾಕ ಸಿಟ್ಟಾಗ್ತಾಳ? ಆಕೀನೂ ಅತ್ತೀ ಮನಿ ಕಂಡಾಕೀನ. ಸೊಸಿ ಮಾಡಿದ ಅಡಿಗಿ ನಾಕು ಮಂದಿ ಮುಂದ ಕೆಡಬಾರದು ಅನ್ನೂದು ಆಕಿಗೆ ತಿಳೀದೇನು?” ಎಂದು ನನ್ನ ಕೈ ತಟ್ಟಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, “ಆದರ ಬಿಟ್ಟದ್ದು ಬಿಟ್ಟಂಗ ಬಿಡಂಗಿಲ್ಲ. ಈಗ ಹಾಡತೀನಿ,” ಎಂದು ಕಣ್ಣು ಮುಚ್ಚಿ ನಾಲ್ಕನೆಯ ನುಡಿ ಎತ್ತಿಕೊಂಡರು.

ನಾವು ಆಗಷ್ಟೇ ಫ್ರೀವೇಗೆ ಏರಿದ್ದೆವು. ಸಂಜೆಯ ಟ್ರಾಫಿಕ್ಕು, ಆರು ಸಾಲು ಕಾರುಗಳು ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ನಮ್ಮ ಪಕ್ಕದಲ್ಲಿ ಹಾಸಿಗೆ ಸಾಗಿಸುವ ನೀಲಿ ಲಾರಿಯೊಂದು ಇತ್ತು. ಅತ್ತೆ ಒಂದು ನುಡಿಯನ್ನೂ ಬಿಡಲಿಲ್ಲ. ಪಲ್ಲವಿ ಎರಡೆರಡು ಸಲ, ವಿಲಂಬದಲ್ಲಿ. ಹದಿನಾಲ್ಕೂ ನುಡಿ ಮುಗಿಸಿ, ಕೈ ಮುಗಿದು, ಕಣ್ಣು ತೆರೆದು ಕಿಟಕಿಯ ಹೊರಗೆ ನೋಡಿದರು. ಅದೇ ನೀಲಿ ಲಾರಿ ಅಲ್ಲೇ ಪಕ್ಕದಲ್ಲಿತ್ತು. ಪಾರ್ಕಿನಿಂದ ಹತ್ತು ನಿಮಿಷದ ದಾರಿಯಾದ ಎಲ್ ಸೆಗುಂಡೋ ಇನ್ನೂ ಎರಡು ಮೈಲಿ ಅಂತ ಎದುರಿನ ಫಲಕದಲ್ಲಿತ್ತು.

ಅತ್ತೆಯ ಮುಖ ಹಿಗ್ಗಿತು. “ಪೂಜಾ ಇಲ್ಲೇ ಇಟ್ಟುಕೋಬೇಕಾಗಿತ್ತು ನೋಡು,” ಎಂದರು. “ಯಾರಿಗೂ ಅವಸರಾನ ಇಲ್ಲ.”